ಬಣ್ಣ ಬಾರದ ನೀರು

ಮಾತ್ರೆ ಕರಗಿತು. ನೀರು ಮಾತ್ರ ಬಣ್ಣ ಬದಲಿಸಲಿಲ್ಲ.

ಪತ್ತೇದಾರಿಣಿ ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ನೀರಿನಲ್ಲಿ ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರಬೇಕು, ಹೆಚ್ಚಿದ್ದಷ್ಟೂ ಗಾಢವಾಗಬೇಕು. ಪರೀಕ್ಷೆಯ ಪೆಟ್ಟಿಗೆಯ ಮುಚ್ಚಳದ ಮೇಲೆ ಹಾಗೆಂದು ಚಿತ್ರ ಸಮೇತ ಅಚ್ಚಾಗಿತ್ತು. ಇಲ್ಲಿ ಗುಲಾಬಿಯ ಸುಳಿವೇ ಇಲ್ಲ.

“ಸೊನ್ನೆ,” ಎಂದ ಫಿಟ್ಟರ್, ಆಸ್ಪತ್ರೆಯ ಪಂಪ್ ಕೋಣೆಯ ಬಾಗಿಲಿಗೆ ಒರಗಿಕೊಂಡು. “ನಿಮ್ಮ ಭಾವನಿಗೂ ಹೀಗೇ ಬರ್ತಿತ್ತು ಮೇಡಂ. ಹನ್ನೆರಡು ದಿನ. ಸೊನ್ನೆ ಬರೆದೂ ಬರೆದೂ ಪೆನ್ನು ಸವೆದಿರಬೇಕು.”

“ಆದ್ರೆ ಈ ಬಕೆಟ್ಟಿಗೆ ಒಂದು ಮಗ್ ಕ್ಲೋರಿನ್ ಔಷಧಿ ಸುರಿದಿದ್ದು ನಾನೇ ಅಲ್ವಾ? ಐದು ನಿಮಿಷವೂ ಆಗಿಲ್ಲ.”

ಒರಗಿದ್ದ ಫಿಟ್ಟರ್ ನೆಟ್ಟಗಾದ.

ಬಕೆಟ್ಟಿನಿಂದ ಏಳುತ್ತಿದ್ದ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. ಮೂಗು ಇದೆ ಎನ್ನುತ್ತದೆ, ನಳಿಕೆ ಇಲ್ಲ ಎನ್ನುತ್ತದೆ. ಎರಡರಲ್ಲೊಂದು ಸುಳ್ಳು ಹೇಳುತ್ತಿದೆ, ಮೂಗಿಗಂತೂ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಏಳು ಸಾವು, ಒಬ್ಬ ಆರೋಪಿ, ಆ ಆರೋಪಿ ಅವಳ ಅಕ್ಕನ ಗಂಡ: ಪ್ರಕರಣ ಇಷ್ಟೇ. ಈ ಆಸ್ಪತ್ರೆಯ ತಾರಸಿಯ ಮೇಲೆ ಹವಾನಿಯಂತ್ರಣದ ಯಂತ್ರಗಳ ಬಿಸಿಯನ್ನು ಆರಿಸುವ ಒಂದು ತಂಪುಗೋಪುರವಿದೆ. ನೀರು ಮೇಲಿಂದ ಸುರಿದು, ಗಾಳಿಗೆ ಆರಿ, ಕೆಳಗಿನ ತೊಟ್ಟಿಗೆ ಬೀಳುತ್ತದೆ. ಗಾಳಿ ಬೀಸಿದಾಗ ಅದರ ತುಂತುರು ಮೂರನೇ ಮಹಡಿಯ ವಾರ್ಡಿನ ಕಿಟಕಿಗಳಿಗೆ ಇಳಿಯುತ್ತದೆ. ಆ ನೀರಿನಲ್ಲಿ ಕ್ರಿಮಿ ಬೆಳೆಯದಂತೆ ದಿನವೂ ಕ್ಲೋರಿನ್ ಔಷಧಿ ಹಾಕುವುದು ಭಾವನ ಕೆಲಸವಾಗಿತ್ತು.

ಹಾಕಲಿಲ್ಲ, ಕ್ರಿಮಿ ಬೆಳೆಯಿತು, ತುಂತುರಿನಲ್ಲಿ ತೇಲಿ ಬಂದು ಏಳು ರೋಗಿಗಳ ಎದೆ ಹೊಕ್ಕಿತು ಎಂಬುದು ಪೊಲೀಸರ ವಾದ. ಅವರ ಕೈಯಲ್ಲಿ ಎರಡು ಸಾಕ್ಷಿ. ಒಂದು, ಪಂಪ್ ಕೋಣೆಯ ದಿನಚರಿ ಪುಸ್ತಕದಲ್ಲಿ ಭಾವನದೇ ದುಂಡು ಅಕ್ಷರದ ಹನ್ನೆರಡು ಸೊನ್ನೆ. ಇನ್ನೊಂದು, ಗೋಪುರದಿಂದ ತುಂಬಿದ ನೀರಿನ ಬಾಟಲಿ. ಸತ್ತವರ ಶ್ವಾಸಕೋಶದಲ್ಲಿದ್ದ ಕ್ರಿಮಿಯೇ ಆ ಬಾಟಲಿಯಲ್ಲೂ ಸಿಕ್ಕಿತ್ತು.

ನಾಳೆ ಬೆಳಿಗ್ಗೆ ಹತ್ತೂವರೆಗೆ ಭಾವ ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಳ್ಳಲಿದ್ದಾರೆ. ಯಾರೂ ಹೊಡೆದು ಒಪ್ಪಿಸಿಲ್ಲ. ಕೊಂದದ್ದು ತಾವೇ ಎಂದು ಅವರೇ ನಂಬಿದ್ದಾರೆ.

ಅವಳಿಗೆ ಅವರು ಬರೀ ಭಾವನಲ್ಲ. ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು. ಶಾಲೆಯ ಅಂಕಪಟ್ಟಿಗೆ ಸಹಿ ಹಾಕಿದ್ದು, ಸೈಕಲ್ಲಿನ ಹಿಂದೆ ಏದುಸಿರು ಬಿಡುತ್ತ ಓಡಿದ್ದು ಅವರೇ. ಪೊಲೀಸ್ ಕೆಲಸಕ್ಕೆ ಸೇರುತ್ತೇನೆ ಎಂದಾಗ ಮನೆಯವರೆಲ್ಲ ಬೇಡವೆಂದರೂ ಅವರೊಬ್ಬರು ಮಾತ್ರ, ಹೋಗಲಿ ಬಿಡಿ, ಇವಳ ಬಾಯಿಗೆ ಹೆದರಿ ಕಳ್ಳರೇ ಬಂದು ಶರಣಾಗ್ತಾರೆ ಎಂದು ನಕ್ಕಿದ್ದರು. ಇಲಾಖೆಯಲ್ಲಿ ಅವಳಿಗೆ ಜಿಗಣೆ ಎಂದು ಹೆಸರಿಟ್ಟಿದ್ದರು, ಕಚ್ಚಿದರೆ ಬಿಡುವವಳಲ್ಲ ಎಂದು. ಇಲಾಖೆ ಬಿಟ್ಟು ಖಾಸಗಿಯಾಗಿ ಪತ್ತೇದಾರಿಕೆ ಮಾಡುತ್ತಿದ್ದ ಇಷ್ಟು ವರ್ಷಗಳಲ್ಲಿ ಅವಳು ಕಚ್ಚಲು ಹೆದರಿದ ಪ್ರಕರಣ ಇದೊಂದೇ.

ಬೆಳಿಗ್ಗೆ ಅಕ್ಕ ಫೋನು ಮಾಡಿದ್ದಳು. ಆರು ದಿನಗಳ ಹಿಂದೆ ಲಾಕಪ್ಪಿನಲ್ಲಿ ತಲೆಸುತ್ತಿ ಬಿದ್ದ ಭಾವನನ್ನು ಪೊಲೀಸರು ಇದೇ ಆಸ್ಪತ್ರೆಗೆ ತಂದಿದ್ದರು. ಸಾವುಗಳಾದ ಮೇಲೆ ಒಂದು ತಿಂಗಳು ಮುಚ್ಚಿದ್ದ ಮೂರನೇ ಮಹಡಿಯನ್ನು ಗುಡಿಸಿ ಒರೆಸಿ ಆಗಷ್ಟೇ ತೆರೆದಿದ್ದರು. ಕೊಂದವನೆಂದು ಹೆಸರಾದವರಿಗೆ ಸತ್ತವರ ವಾರ್ಡಿನಲ್ಲೇ ಹಾಸಿಗೆ ಸಿಕ್ಕಿತ್ತು. ಹಣೆಬರಹಕ್ಕೂ ಕುಹಕ ಬರುತ್ತದೆ.

“ಮನೆ ಕಡೆ ಹೋಗೋದೇ ಬಿಟ್ಟಿದೀನಿ ಕಣೇ,” ಎಂದಿದ್ದಳು ಅಕ್ಕ. “ಬೀದಿಯವರ ಕಣ್ಣು ಎದುರಿಸೋಕಾಗಲ್ಲ. ಊಟ ನಿದ್ದೆ ಎಲ್ಲಾ ಇಲ್ಲೇ, ಆಸ್ಪತ್ರೇಲೇ. ನಂಗೆ ಒಂದೇ ಒಂದು ಹೇಳು. ಇವರು ಕೊಂದರಾ, ಇಲ್ಲವಾ? ಕೊಂದಿದ್ರೂ ಬಿಟ್ಟು ಹೋಗಲ್ಲ. ಆದ್ರೆ ನಂಗೆ ಗೊತ್ತಿರಬೇಕು.”

ಅವಳ ಗಂಟಲು ಕಟ್ಟಿತ್ತು. ಅತ್ತು ಅತ್ತು ಹೀಗಾಗಿದೆ ಎಂದುಕೊಂಡು ತಂಗಿ ಸುಮ್ಮನಾಗಿದ್ದಳು.

ಈಗ ಅವಳು ಫಿಟ್ಟರ್‌ನ ಕುಡಿಯುವ ನೀರಿನ ಬಾಟಲಿ ಕೇಳಿ ಪಡೆದಳು. ಬಕೆಟ್ಟಿನಿಂದ ಒಂದೇ ಒಂದು ಚಮಚ ನೀರು ತೆಗೆದು ಅದರೊಳಗೆ ಹಾಕಿ ಕುಲುಕಿದಳು. ಆ ತೆಳುವಾದ ನೀರನ್ನು ನಳಿಕೆಗೆ ಸುರಿದು ಹೊಸ ಮಾತ್ರೆ ಬಿಟ್ಟಳು.

ನಳಿಕೆ ಬೀಟ್ರೂಟ್ ಹಿಂಡಿದ ಹಾಗೆ ಕೆಂಪೇರಿತು.

ಫಿಟ್ಟರ್ ಬಾಯಿ ತೆರೆದವನು ಮುಚ್ಚಲಿಲ್ಲ. ಅವಳು ಮತ್ತೆ ಬಕೆಟ್ಟಿನ ನೀರನ್ನೇ ನೇರವಾಗಿ ತುಂಬಿ, ಈ ಸಲ ಕಣ್ಣು ಮಿಟುಕಿಸದೆ ನೋಡಿದಳು. ಮಾತ್ರೆ ನೀರಿಗೆ ತಗುಲಿದ ಕೂಡಲೇ ಗುಲಾಬಿಯ ಒಂದು ಎಳೆ ಕಂಡು, ಕಂಡಷ್ಟೇ ಬೇಗ ಅಳಿಸಿಹೋಯಿತು. ಔಷಧಿ ಮಿತಿಮೀರಿದರೆ ಪರೀಕ್ಷೆಯ ಬಣ್ಣವನ್ನೇ ತಿಂದುಹಾಕುತ್ತದೆ. ಫಿಟ್ಟರ್‌ನ ನೀಲಿ ಸಮವಸ್ತ್ರದ ತೋಳಿನ ತುಂಬ ಬಿಳಿ ಕಲೆ ಬಿದ್ದಿತ್ತು, ಅಲ್ಲಿನ ನೀಲಿಯನ್ನು ತಿಂದದ್ದೂ ಇದೇ.

“ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗೊತ್ತಿತ್ತು,” ಎಂದ ಅವನು ಮೆಲ್ಲಗೆ. “ಸೊನ್ನೆಯೆಲ್ಲ ಸೊನ್ನೆಯಲ್ಲ ಅಂತ ಯಾರೂ ಹೇಳಿರ್ಲಿಲ್ಲ.”

ಆಮೇಲೆ ಅವನ ಬಾಯಿಂದ ಒಂದೊಂದಾಗಿ ಹೊರಬಿತ್ತು. ಆ ತಿಂಗಳು ಹೊಸ ಡ್ರಮ್ಮುಗಳು ಬಂದಿದ್ದವು, ಹಳೆಯದಕ್ಕಿಂತ ಮೂರು ಪಟ್ಟು ತೀಕ್ಷ್ಣ. ಡ್ರಮ್ಮಿನ ಮೇಲಿನ ಚೀಟಿ ಓದುವ ಪದ್ಧತಿ ಅಲ್ಲಿ ಯಾರಿಗೂ ಇರಲಿಲ್ಲ. ಭಾವ ಎಂದಿನ ಅಳತೆಯಲ್ಲೇ ಹಾಕಿದರು, ಪರೀಕ್ಷಿಸಿದರು, ಬಣ್ಣ ಬರಲಿಲ್ಲ. ಕಡಿಮೆಯಾಯಿತೆಂದು ಒಂದು ಮಗ್ ಹೆಚ್ಚಿಗೆ ಹಾಕಿದರು. ಮರುದಿನವೂ ಸೊನ್ನೆ, ಎರಡು ಮಗ್. ಕೊನೆಕೊನೆಗೆ ಬಕೆಟ್ಟುಗಟ್ಟಲೆ. ಆ ದಿನಗಳಲ್ಲಿ ತಾರಸಿ ಹತ್ತಿದರೆ ಸಾಕು, ಹೆಂಡತಿ ಸತ್ತಾಗಲೂ ಬಾರದಷ್ಟು ಕಣ್ಣೀರು ಬರುತ್ತಿತ್ತು ಎಂದ ಫಿಟ್ಟರ್, ಹೇಳಿದ ಮೇಲೆ ತಾನೇ ನಾಚಿಕೊಂಡ.

ಪೊಲೀಸರಿಗೆ ಇದನ್ನೆಲ್ಲ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದೆ ಮೇಡಂ, ಪುಸ್ತಕದಲ್ಲಿ ಸೊನ್ನೆ ಇದೆಯಲ್ಲಯ್ಯ ಎಂದರು, ನಾನೂ ಹೌದಲ್ಲ ಅಂದುಕೊಂಡೆ ಎಂದು ತಲೆ ತಗ್ಗಿಸಿದ.

ಅವಳು ಹೊರಗೆ ಬಂದು ಗೋಪುರದ ಸುತ್ತಲಿನ ಕಬ್ಬಿಣದ ಪಂಜರದೊಳಗೆ ಇಣುಕಿದಳು. ಪಂಜರಕ್ಕೆ ಬೀಗ, ಬೀಗದ ಮೇಲೆ ಪೊಲೀಸರ ಮೊಹರು. ಕ್ರಿಮಿ ತುಂಬಿ ತುಳುಕುತ್ತಿತ್ತು ಎನ್ನಲಾದ ಗೋಪುರದ ಪಟ್ಟಿಗಳಲ್ಲಿ ಬೆರಳಿಗೆ ಹತ್ತುವಷ್ಟೂ ಪಾಚಿಯಿಲ್ಲ. ಲೋಳೆಯಿಲ್ಲ. ಬೋಲ್ಟುಗಳು ಮಾತ್ರ ತುಕ್ಕು ಹಿಡಿದು ಉದುರುತ್ತಿದ್ದವು, ಹಸಿರು ಕಂಬಿಗಳು ನೀರು ತಾಗಿದಷ್ಟು ಎತ್ತರಕ್ಕೆ ಬಿಳಿಚಿದ್ದವು. ತಿಂಗಳಿಂದ ಎಲ್ಲರ ಕಣ್ಣೆದುರೇ ಇದ್ದ ಸಾಕ್ಷಿ.

ಈ ನೀರಿನಲ್ಲಿ ಕ್ರಿಮಿಯಲ್ಲ, ಕ್ರಿಮಿಯ ನೆನಪೂ ಉಳಿಯುವಂತಿರಲಿಲ್ಲ.

ಭಾವ ಕೊಂದಿಲ್ಲ. ಅವಳು ಕಂಬಿ ಹಿಡಿದು ನಿಂತಳು. ಒಂದು ಉಸಿರಿನಷ್ಟು ಹೊತ್ತು ಅವಳಿಗೆ ನಿಜವಾಗಿಯೂ ಸಂತೋಷವಾಯಿತು.

ಮರು ಉಸಿರಿಗೆ ಬಾಟಲಿ ನೆನಪಾಯಿತು. ಗೋಪುರದಲ್ಲಿ ಕ್ರಿಮಿ ಇರಲು ಸಾಧ್ಯವೇ ಇಲ್ಲದಿದ್ದ ಮೇಲೆ ಗೋಪುರದ ಬಾಟಲಿಗೆ ಎಲ್ಲಿಂದ ಬಂತು?

ಚೀಲದಿಂದ ಕಡತ ತೆಗೆದು ನೀರಿನ ಮಾದರಿಯ ಚೀಟಿ ಬಿಡಿಸಿದಳು. ಇಪ್ಪತ್ತು ಸಲ ಓದಿದ್ದ ಚೀಟಿ. ಇಪ್ಪತ್ತು ಸಲವೂ ಕಣ್ಣು ಕ್ರಿಮಿಗಳ ಸಂಖ್ಯೆಯ ಮೇಲೆಯೇ ಹೋಗಿತ್ತು. ಉಳಿದ ಸಾಲುಗಳನ್ನು ಮದುವೆ ಮನೆಯ ದೂರದ ನೆಂಟರಂತೆ ನೋಡಿಯೂ ನೋಡದೆ ಬಿಟ್ಟಿದ್ದಳು. ಈಗ ಮೊದಲಿಂದ ಓದಿದಳು. ದಿನಾಂಕ. ಸಮಯ. ಸ್ಥಳ: ತಂಪುಗೋಪುರದ ತೊಟ್ಟಿ. ನೀರಿನ ಉಷ್ಣಾಂಶ: ನಲವತ್ತೊಂದು ಡಿಗ್ರಿ.

“ಗೋಪುರದ ತೊಟ್ಟಿಯ ನೀರು ಎಷ್ಟು ಬಿಸಿ ಇರುತ್ತೆ?”

ಫಿಟ್ಟರ್ ಅವಳ ಕಡತದಲ್ಲಿದ್ದ ಭಾವನ ಪುಸ್ತಕದ ನಕಲು ತೆರೆದು ಅದೇ ದಿನದ ಸಾಲಿಗೆ ಬೆರಳಿಟ್ಟ. ಇಪ್ಪತ್ತೊಂಬತ್ತು.

“ನಲವತ್ತೊಂದು ಅಂದ್ರೆ?”

“ಗೋಪುರ ಕೆಟ್ಟು ಕೂತಿದ್ರೂ ಅಷ್ಟಾಗಲ್ಲ ಮೇಡಂ. ಅದು ಸ್ನಾನದ ನೀರು.”

ಅವಳ ಕಣ್ಣು ಚೀಟಿಯ ಕೊನೆಗೆ ಇಳಿಯಿತು. ಚೀಟಿಯ ಕೆಳಗೆ ಮಾದರಿ ತೆಗೆದವರ ಸಹಿ ಇತ್ತು, ಕೊನೆಯ ಅಕ್ಷರಕ್ಕೆ ಬಾಲ ಎಳೆದ ಸಹಿ. ಆ ಬಾಲ ಎಳೆಯುವುದನ್ನು ಕಲಿಸಿದ್ದು ಅವಳೇ. ಹುಡುಗಿ ಎರಡನೇ ತರಗತಿಯಲ್ಲಿದ್ದಳು, ಚಿಕ್ಕಮ್ಮನ ತೊಡೆಯ ಮೇಲೆ ಕೂತು ಗೋಡೆ ತುಂಬ ಸಹಿ ಹಾಕಿ ಅಕ್ಕನಿಂದ ಇಬ್ಬರೂ ಬೈಸಿಕೊಂಡಿದ್ದರು.

ಅಕ್ಕನ ಮಗಳು. ಮನೆಯಲ್ಲಿ ಪುಟ್ಟಿ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಸ್ವಂತ ಅಪ್ಪನ ವಿರುದ್ಧವೇ ವರದಿ ಕೊಟ್ಟ ಪ್ರಾಮಾಣಿಕ ಮಗಳು ಎಂದು ಪತ್ರಿಕೆಗಳು ಫೋಟೊ ಸಮೇತ ಹೊಗಳಿದ್ದು ಅವಳನ್ನೇ. ಆ ಬಾಟಲಿಯನ್ನು ಯಾರೂ ಅನುಮಾನಿಸದಿದ್ದುದೂ ಅದಕ್ಕೇ. ಮಗಳಾದವಳು ಅಪ್ಪನ ಮೇಲೆ ಸುಳ್ಳು ಹೇಳುತ್ತಾಳೆಯೇ? ಅಕ್ಕ ಅಂದಿನಿಂದ ಮಗಳ ಜೊತೆ ಮಾತು ಬಿಟ್ಟಿದ್ದಳು.

ಪ್ರಯೋಗಾಲಯ ಎರಡು ಬೀದಿಯಾಚೆ. ಪತ್ತೇದಾರಿಣಿ ಹೋದಾಗ ಮಧ್ಯಾಹ್ನ ಮೂರು ದಾಟಿತ್ತು. ಉದ್ದನೆಯ ಕಲ್ಲಿನ ಕಟ್ಟೆ, ಒಂದು ಕೊನೆಯಲ್ಲಿ ಹಬೆಯ ಪಾತ್ರೆ, ಇನ್ನೊಂದು ಕೊನೆಯಲ್ಲಿ ತೊಟ್ಟಿ. ಪುಟ್ಟಿ ಬೇಯಿಸಿದ ಬಾಟಲಿಗಳನ್ನು ಸಾಲಾಗಿಟ್ಟು ಒಂದೊಂದಕ್ಕೂ ಚಿಟಿಕೆ ಬಿಳಿ ಪುಡಿ ಹಾಕುತ್ತಿದ್ದಳು. ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯಲ್ಲಿ ಕ್ರಿಮಿಗಳನ್ನು ಕೊಂದುಬಿಡದಿರಲಿ ಎಂದು ಈ ಪುಡಿ. ಕೊಲ್ಲುವ ಕ್ರಿಮಿಯನ್ನು ಜೋಪಾನವಾಗಿ ಜೀವಂತ ತರುವುದು ಅವಳ ಕೆಲಸ.

ಹುಡುಗಿ ಒಣಗಿಹೋಗಿದ್ದಳು. ಒಂದು ತಿಂಗಳಲ್ಲಿ ಕತ್ತಿನ ಮೂಳೆ ಎದ್ದಿತ್ತು. ಚಿಕ್ಕಮ್ಮನನ್ನು ಕಂಡು ನಗಲು ಹೊರಟವಳು ಅವಳ ಕೈಯಲ್ಲಿದ್ದ ಚೀಟಿ ಕಂಡು ನಿಲ್ಲಿಸಿದಳು.

“ಇದು ಎಲ್ಲಿಯ ನೀರು ಪುಟ್ಟಿ?”

“ಬರ್ದಿದೆಯಲ್ಲ ಚಿಕ್ಕಮ್ಮ. ಗೋಪುರದ್ದು.”

“ಗೋಪುರದ ಪಂಜರಕ್ಕೆ ಯಾವಾಗ್ಲೂ ಬೀಗ ಇರುತ್ತೆ. ಬೀಗದ ಕೈ ಯಾರು ಕೊಟ್ಟರು?”

“ಅಪ್ಪ.”

“ಅಪ್ಪನ್ನ ಕೇಳ್ಲಾ?”

ಪುಟ್ಟಿ ಕೈಯಲ್ಲಿದ್ದ ಚಮಚವನ್ನು ಕಟ್ಟೆಯ ಮೇಲಿಟ್ಟಳು. ಪುಡಿಯ ಡಬ್ಬಿಯ ಮುಚ್ಚಳ ಹಾಕಿದಳು, ತಿರುಗಿಸಿ ತಿರುಗಿಸಿ ಬಿಗಿ ಮಾಡಿದಳು. ಪತ್ತೇದಾರಿಣಿ ನಲವತ್ತೊಂದರ ಮೇಲೆ ಬೆರಳಿಟ್ಟು ನಿಂತಳು. ಎಷ್ಟೋ ಕಳ್ಳರ ಮುಂದೆ ಹೀಗೆ ನಿಂತಿದ್ದಳು. ಆಗೆಲ್ಲ ಎದುರಿನವರು ಬಾಯಿ ಬಿಡಲಿ ಎಂದು ಕಾಯುತ್ತಿದ್ದಳು. ಇವತ್ತು, ಬಿಡದಿರಲಿ ಎನಿಸಿತು.

“ಉಷ್ಣಾಂಶ ಬರೀಬಾರದಿತ್ತು,” ಎಂದಳು ಪುಟ್ಟಿ ಕೊನೆಗೆ. “ಕೈ ತಾನಾಗೇ ಬರೀತು. ನೀರು ಹಿಡಿದ ತಕ್ಷಣ ಥರ್ಮಾಮೀಟರ್ ಅದ್ದೋದು, ಬರೆಯೋದು. ಐದು ವರ್ಷದ ರೂಢಿ ಚಿಕ್ಕಮ್ಮ. ಸುಳ್ಳು ಹೇಳೋಕೆ ಹೋದವಳು ಅದೊಂದು ನಿಜ ಬರೆದುಬಂದೆ.”

ನಡೆದದ್ದನ್ನು ಅವಳು ಅಳದೆ ಹೇಳಿದಳು. ಮಾದರಿ ತರಲು ಯಾರಾದರೂ ಹೋಗಬೇಕೆಂದಾಗ ತಾನೇ ಮುಂದೆ ಬಂದಿದ್ದಳು. ಪಂಪ್ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲೆ ಅಪ್ಪನ ಪುಸ್ತಕ ತೆರೆದಿತ್ತು. ಅದರಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಹನ್ನೆರಡು ದಿನ ಔಷಧಿ ಇಲ್ಲದ ನೀರೆಂದರೆ ಏನೆಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಆ ತೊಟ್ಟಿಯ ನೀರು ಬಾಟಲಿಗೆ ಬಿದ್ದರೆ ಅಪ್ಪನ ಕಥೆ ಮುಗಿಯಿತು ಎನಿಸಿತು.

ಅಪ್ಪನನ್ನು ಹುಡುಕಿ ಬೀಗದ ಕೈ ಕೇಳಲಿಲ್ಲ. ಮೆಟ್ಟಿಲಿಳಿದು ಮೂರನೇ ಮಹಡಿಯ ವಾರ್ಡಿಗೆ ಹೋದಳು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಮೇಲಿನ ಶವರಿನಿಂದ ಬಾಟಲಿ ತುಂಬಿಕೊಂಡಳು.

“ಆಸ್ಪತ್ರೆ ಒಳಗಿನ ನೀರಲ್ವಾ? ಶುದ್ಧ ಅಂದ್ಕೊಂಡೆ. ಏನೂ ಸಿಗಲ್ಲ, ಅಪ್ಪ ಪಾರಾಗ್ತಾರೆ ಅಂದ್ಕೊಂಡೆ.”

ತಾನೊಂದು ಬಗೆದರೆ ದೈವ ಒಂದು ಬಗೆಯಿತು. ನಾಲ್ಕು ದಿನ ಕಳೆದು, ಕ್ರಿಮಿ ಬೆಳೆಸಿ ನೋಡುವ ಕಾವು ಪೆಟ್ಟಿಗೆಯಿಂದ ತಟ್ಟೆ ತೆಗೆದಾಗ ಅದರ ತುಂಬ ಕ್ರಿಮಿಯ ಚುಕ್ಕೆಗಳಿದ್ದವು. ಹಿರಿಯ ಅಧಿಕಾರಿ ಪಕ್ಕದಲ್ಲೇ ನಿಂತಿದ್ದರು. ಅವರು ಅವಳ ಹೆಗಲು ತಟ್ಟಿ, ನಿನ್ನ ಧೈರ್ಯ ದೊಡ್ಡದಮ್ಮ ಎಂದರು. ನಿಜ ಹೇಳಿದರೆ ಗೋಪುರದ ನೀರು ಪರೀಕ್ಷಿಸುತ್ತಾರೆ, ಅದು ಇದಕ್ಕಿಂತಲೂ ಕೊಳೆತಿರುತ್ತದೆ, ಅಪ್ಪನ ಜೊತೆಗೆ ತಾನೂ ಹೋಗುತ್ತೇನೆ, ಅಮ್ಮ ಒಬ್ಬಳೇ ಉಳಿಯುತ್ತಾಳೆ ಎಂದು ಪುಟ್ಟಿ ಸುಮ್ಮನಾದಳು. ಅಷ್ಟರಲ್ಲಿ ಗೋಪುರದ ನೀರನ್ನು ಬಸಿದು ಮೊಹರು ಹಾಕಿಯಾಗಿತ್ತು.

ಪತ್ತೇದಾರಿಣಿಗೆ ಮುಂದಿನದನ್ನು ಹೇಳುವ ಮನಸ್ಸಿರಲಿಲ್ಲ. ಆದರೂ ಹೇಳಿದಳು. ಬಕೆಟ್ಟು, ಮಗ್, ಕಣ್ಣಲ್ಲಿ ನೀರು, ಬಣ್ಣ ಬಾರದ ನಳಿಕೆ.

ಅವಳು ಮುಗಿಸುವ ಮೊದಲೇ ಪುಟ್ಟಿ ಕೇಳಿದಳು. “ಒಂದು ಕ್ಷಣ ಗುಲಾಬಿ ಬಂದು ಹೋಯ್ತಾ?”

“ಹೂಂ.”

“ತೆಳು ಮಾಡಿ ನೋಡಿದಾಗ ಗಾಢ ಬಂತಾ?”

“ಬಂತು.”

ಹುಡುಗಿ ಕಟ್ಟೆಗೆ ಬೆನ್ನು ಕೊಟ್ಟು ನಿಧಾನಕ್ಕೆ ನೆಲಕ್ಕೆ ಕುಸಿದು ಕೂತಳು. “ನಮಗದು ಮೊದಲ ವಾರದ ಪಾಠ ಚಿಕ್ಕಮ್ಮ. ಬಣ್ಣ ಬರದಿದ್ರೆ ತೆಳು ಮಾಡಿ ಇನ್ನೊಂದ್ಸಲ ನೋಡಿ ಅಂತ. ಆ ಪರೀಕ್ಷೆ ಪೆಟ್ಟಿಗೆ ಅಪ್ಪನಿಗೆ ತಂದುಕೊಟ್ಟಿದ್ದು ನಾನೇ. ಹಳೇದಾಗಿತ್ತು ಅಂತ ಹೊಸದು ಕೊಟ್ಟೆ. ಈ ಒಂದು ಮಾತು ಹೇಳಿಕೊಡಲಿಲ್ಲ.”

ಆಮೇಲೆ ಚಿಕ್ಕಮ್ಮನ ಮುಖ ನೋಡದೆ, “ನಾನು ಏನೂ ಆಟ ಆಡದೆ ಗೋಪುರದ ನೀರನ್ನೇ ತಂದಿದ್ರೆ?” ಎಂದಳು.

ಉತ್ತರ ಇಬ್ಬರಿಗೂ ಗೊತ್ತಿತ್ತು. ಗೋಪುರದ ನೀರಿನಲ್ಲಿ ಒಂದು ಕ್ರಿಮಿಯೂ ಸಿಗುತ್ತಿರಲಿಲ್ಲ. ಭಾವ ಅಂದೇ ನಿರ್ದೋಷಿ. ಪೊಲೀಸರು ಬೇರೆ ಕಡೆ ಹುಡುಕುತ್ತಿದ್ದರು, ಹುಡುಕುತ್ತ ಒಂದಲ್ಲ ಒಂದು ದಿನ ಮೂರನೇ ಮಹಡಿಯ ಬಚ್ಚಲುಮನೆಗೆ ಬರುತ್ತಿದ್ದರು. ಅಪ್ಪನನ್ನು ಉಳಿಸಲು ಹೋದ ಮಗಳು, ಕೊಂದ ನೀರನ್ನು ತನ್ನ ಕೈಯಾರೆ ತುಂಬಿ ತಂದು ಅದರ ಮೇಲೆ ಅಪ್ಪನ ಹೆಸರು ಬರೆದಿದ್ದಳು.

ಪತ್ತೇದಾರಿಣಿ ಅವಳ ಪಕ್ಕ ನೆಲದ ಮೇಲೆಯೇ ಕೂತಳು. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಭಾವ ನಿರ್ದೋಷಿ ಎಂದು ತೋರಿಸಬೇಕಾದರೆ ನಾಳೆ ಹತ್ತೂವರೆಯೊಳಗೆ ಈ ಹುಡುಗಿಯನ್ನು ಕೈ ಹಿಡಿದು ಪೊಲೀಸರ ಮುಂದೆ ನಿಲ್ಲಿಸಬೇಕು. ಬೇರೆ ದಾರಿ ಹುಡುಕಿದಳು. ಸಿಗಲಿಲ್ಲ.

“ಆ ಬಿಸಿನೀರಿನ ಟ್ಯಾಂಕು ತೊಳೆದರಾ?” ಎಂದಳು ಪುಟ್ಟಿ ಇದ್ದಕ್ಕಿದ್ದಂತೆ. “ಬಿಸಿ ಮಾಡಿದ ನೀರಲ್ಲಿ ಕ್ಲೋರಿನ್ ನಿಲ್ಲಲ್ಲ. ಉಗುರು ಬೆಚ್ಚಗಿನ ನೀರು ಅಂದ್ರೆ ಆ ಕ್ರಿಮಿಗೆ ತೊಟ್ಟಿಲು. ಕುಡಿದ್ರೆ ಏನಾಗಲ್ಲ. ಶವರಿನ ಹನಿ ಉಸಿರಲ್ಲಿ ಹೋದ್ರೆ ಮುಗೀತು. ವಾರ್ಡು ಮುಚ್ಚೇ ಇದೆ ತಾನೆ?”

ಮಗಳಿಗೆ ಯಾರೂ ಏನೂ ತಿಳಿಸಿರಲಿಲ್ಲ. ಅಮ್ಮ ಮಾತು ಬಿಟ್ಟಿದ್ದಳಲ್ಲ.

“ಹೋದ ವಾರ ತೆರೆದರು,” ಎಂದಳು ಪತ್ತೇದಾರಿಣಿ. ಒಂದು ತಿಂಗಳು ಅಲ್ಲಾಡದೆ ನಿಂತ ನೀರು. ತಪ್ಪೆಲ್ಲ ಗೋಪುರದ್ದೆಂದು ನಂಬಿ ನೆಲ ಗೋಡೆ ತೊಳೆದವರು ಟ್ಯಾಂಕಿನ ಮುಚ್ಚಳ ತೆರೆದಿರಲಾರರು. “ಪುಟ್ಟಿ, ನಿಮ್ಮಪ್ಪ ಅಲ್ಲೇ ಇದ್ದಾರೆ. ಆರು ದಿನ ಆಯ್ತು.”

ಇಬ್ಬರೂ ಓಡಿದರು. ಓಡುತ್ತಲೇ ಪತ್ತೇದಾರಿಣಿ ವಾರ್ಡಿಗೆ ಫೋನು ಮಾಡಿ ಬಿಸಿನೀರು ನಿಲ್ಲಿಸಿ ಎಂದಳು. ಗೋಪುರ ನಿಂತು ತಿಂಗಳಾಯಿತು, ಈಗೇಕೆ ಗಾಬರಿ, ಮೇಲಿನವರ ಆದೇಶ ಬೇಕು, ಅದೂ ಬರಹದಲ್ಲಿ ಎಂದು ಆ ಕಡೆಯ ನರ್ಸು ಬೇಸರದಿಂದ ಹೇಳಿ ಇಟ್ಟುಬಿಟ್ಟಳು. ಸಾಯುವುದಕ್ಕೂ ಅಲ್ಲಿ ಬರಹದಲ್ಲೇ ಅನುಮತಿ ಬೇಕಿತ್ತೋ ಏನೋ.

ಮೂರನೇ ಮಹಡಿಯಲ್ಲಿ ಹನ್ನೆರಡು ಹಾಸಿಗೆ, ನಾಲ್ಕರಲ್ಲಿ ಜನ. ಕೊನೆಯ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕಾನ್‌ಸ್ಟೇಬಲ್ ತೂಕಡಿಸುತ್ತಿದ್ದ. ಭಾವ ದಿಂಬಿಗೆ ಒರಗಿ ಕೂತಿದ್ದರು. ಒಂದು ಕೈಗೆ ಬೇಡಿ, ಬೇಡಿಯ ಇನ್ನೊಂದು ತುದಿ ಮಂಚದ ಕಂಬಿಗೆ. ಬಾಗಿಲಲ್ಲಿ ಮಗಳನ್ನು ಕಂಡ ಕೂಡಲೇ ಆ ಕೈಯನ್ನು ಹೊದಿಕೆಯೊಳಗೆ ಸರಿಸಲು ನೋಡಿದರು.

“ಬಂದ್ಯಾ ಪುಟ್ಟಿ.”

“ಭಾವ, ಇಲ್ಲಿ ಸ್ನಾನ ಮಾಡ್ತಿದ್ದೀರಾ? ಶವರಿನಲ್ಲಿ?” ಉಸಿರು ಸಿಗದೆಯೇ ಕೇಳಿದಳು ಪತ್ತೇದಾರಿಣಿ.

ಭಾವ ನಕ್ಕರು. ಬೇಡಿ ಅಲ್ಲಾಡಿಸಿ ತೋರಿಸಿದರು. ಕಾನ್‌ಸ್ಟೇಬಲ್ ಸಾಹೇಬರಿಗೆ ಬೀಗ ತೆಗೆಯುವ ಅಪ್ಪಣೆಯಿಲ್ಲವಂತೆ. ಆರು ದಿನವಾಯಿತು, ತಣ್ಣೀರಲ್ಲಿ ಅದ್ದಿದ ಬಟ್ಟೆಯಲ್ಲಿ ಮೈ ಒರೆಸುವುದಷ್ಟೇ ಭಾಗ್ಯ, ಹತ್ತಿರ ಬಂದರೆ ವಾಸನೆ ಬಂದೀತು ಎಂದರು.

ಪುಟ್ಟಿ ಮಂಚದ ಕಂಬಿ ಹಿಡಿದು ಅಲ್ಲೇ ಬಿಕ್ಕಿದಳು. ಪತ್ತೇದಾರಿಣಿಗೆ ಒಂದು ಹೊರೆ ಇಳಿಯಿತು. ಕಾನ್‌ಸ್ಟೇಬಲ್‌ಗೆ ಕೇಳದಂತೆ ಬಾಗಿ, ಸೊನ್ನೆಗಳ ಕಥೆಯನ್ನು ಎರಡು ಮಾತಿನಲ್ಲಿ ಹೇಳಿದಳು. ಭಾವ ಕಣ್ಣು ಮುಚ್ಚಿ ಕೇಳಿದರು. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯಿತು. ತಾನು ಕೊಂದಿಲ್ಲವೆಂದು ಗೊತ್ತಾದ ಮನುಷ್ಯ ಅಳುವ ರೀತಿ ಅದು, ಸದ್ದಿಲ್ಲದೆ, ತುಂಬ ಹೊತ್ತು. ಆಮೇಲೆ ಬಾಟಲಿಯ ವಿಷಯ ಹೇಳಿದಳು.

ಆ ಮಾತಿಗೆ ಅವರು ಬೆಚ್ಚಲಿಲ್ಲ.

“ಅದು ಗೊತ್ತಿತ್ತು,” ಎಂದರು. “ಪಂಜರದ ಬೀಗದ ಕೈ ಆವತ್ತೆಲ್ಲಾ ನನ್ನ ಸೊಂಟದಲ್ಲೇ ಇತ್ತು. ಇವಳು ಬಂದು ಕೇಳಲೇ ಇಲ್ಲ.”

ಪುಟ್ಟಿ ತಲೆಯೆತ್ತಿದಳು.

“ಎಲ್ಲಿಂದ ತುಂಬಿದೆ ಅಂತ ನಾನು ಕೇಳಲಿಲ್ಲ. ಕೇಳಿದ್ರೆ ನೀನು ಹೇಳಬೇಕಾಗ್ತಿತ್ತು, ನಾನು ಯಾರಿಗಾದರೂ ಹೇಳಬೇಕಾಗ್ತಿತ್ತು. ತಪ್ಪು ಹೇಗೂ ನಂದೇ ಅಂದ್ಕೊಂಡಿದ್ದೆ.” ಭಾವ ಬೇಡಿಯಿಲ್ಲದ ಕೈಯಿಂದ ಪತ್ತೇದಾರಿಣಿಯ ಮಣಿಕಟ್ಟು ಹಿಡಿದರು. “ನೋಡು, ನೀರು ನಿಲ್ಲಿಸು. ಏನಾದ್ರೂ ನೆಪ ಹೇಳು. ಬಾಟಲಿ ವಿಷಯ ಮಾತ್ರ ಎತ್ತಬೇಡ. ನಾಳೆ ನಾನು ಒಪ್ಕೊಳ್ತೀನಿ, ಮುಗೀತು. ನಂಗೆ ವಯಸ್ಸಾಯ್ತು. ಇವಳ ಬದುಕು ಇನ್ನೂ ಇದೆ. ನಿನ್ನನ್ನ ಇಷ್ಟು ದಿನದಲ್ಲಿ ಏನಾದ್ರೂ ಕೇಳಿದೀನಾ?”

ಕೇಳಿರಲಿಲ್ಲ. ಮೂವತ್ತೈದು ವರ್ಷದಲ್ಲಿ ಒಂದು ಲೋಟ ನೀರನ್ನೂ ಕೇಳಿ ಕುಡಿದವರಲ್ಲ.

ಅವಳು ಏನು ಹೇಳುತ್ತಿದ್ದಳೋ ಅವಳಿಗೂ ಗೊತ್ತಿಲ್ಲ. ಹೇಳಲು ಬಾಯಿ ತೆರೆದಾಗ ಹಾಸಿಗೆಯ ಪಕ್ಕದ ಖಾಲಿ ಕುರ್ಚಿ ಕಣ್ಣಿಗೆ ಬಿತ್ತು. ಅದರ ಮೇಲೆ ಅಕ್ಕನ ಕೈಚೀಲ, ಕನ್ನಡಕ, ತೆರೆದಿಟ್ಟ ಸೋಪಿನ ಖಾಲಿ ಡಬ್ಬಿ.

“ಅಕ್ಕ ಎಲ್ಲಿ?”

ಭಾವ ಉತ್ತರಿಸುವ ಮೊದಲೇ, ಇಷ್ಟು ಹೊತ್ತೂ ಕಿವಿಯ ಮೇಲೆ ಬೀಳುತ್ತಿದ್ದ, ಮೂವರಲ್ಲಿ ಒಬ್ಬರೂ ಕೇಳಿಸಿಕೊಳ್ಳದಿದ್ದ ಒಂದು ಸದ್ದು ನಿಂತಿತು. ಗೋಡೆಯಾಚೆ ಸುರಿಯುತ್ತಿದ್ದ ನೀರಿನ ಸದ್ದು.

ಬಚ್ಚಲುಮನೆಯ ಬಾಗಿಲು ತೆರೆಯಿತು. ಮೊದಲು ಹಬೆ ಬಂತು. ಹಿಂದೆಯೇ ತಲೆಗೆ ಬಟ್ಟೆ ಸುತ್ತಿಕೊಂಡು ಅಕ್ಕ ಬಂದಳು. ಎರಡು ಹೆಜ್ಜೆ ಇಟ್ಟವಳು ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ಕೆಮ್ಮಿದಳು. ಒಣ ಕೆಮ್ಮು, ಪಕ್ಕೆಲುಬನ್ನೆಲ್ಲ ಅಲ್ಲಾಡಿಸುವಂಥದ್ದು. ಪತ್ತೇದಾರಿಣಿ ಓಡಿಹೋಗಿ ಹಿಡಿದುಕೊಂಡಳು. ಬಿಸಿನೀರಿನಿಂದ ಬಂದ ಮೈಯೆಂದುಕೊಳ್ಳಲು ನೋಡಿದಳು. ಹಣೆ ಸುಡುತ್ತಿತ್ತು.

“ಎರಡು ದಿನದಿಂದ ಹೀಗೇ. ಚಳಿ ಬಿಡ್ತಾನೇ ಇಲ್ಲ,” ಎಂದಳು ಅಕ್ಕ. “ಬಿಸಿನೀರಿನ ಕೆಳಗೆ ನಿಂತರೇನೇ ಸ್ವಲ್ಪ ಹಾಯಾಗೋದು.”

ಹಿಂದೆ ಮಂಚದ ಕಂಬಿ ಗಡಗಡನೆ ಸದ್ದು ಮಾಡಿತು. ಭಾವ ಬೇಡಿಯ ನೆನಪಿಲ್ಲದೆ ಎದ್ದು ಬರಲು ನೋಡುತ್ತಿದ್ದರು. ಕಾನ್‌ಸ್ಟೇಬಲ್ ಎಚ್ಚರಗೊಂಡು ಲಾಠಿ ತಡಕಿದ. ಪುಟ್ಟಿ ನಿಂತಲ್ಲಿಂದ ಅಲ್ಲಾಡಲಿಲ್ಲ.

ಅಕ್ಕ ಮಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಇಬ್ಬರೂ ತಲೆ ತಗ್ಗಿಸಿದರು. ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು ತಂಗಿಯ ಕಡೆ ತಿರುಗಿದಳು.

“ಏನೋ ಗೊತ್ತಾಗಿದೆ ನಿಮಗೆಲ್ಲ,” ಎಂದಳು. “ಹೇಳೇ. ಇವರು ಕೊಂದರಾ, ಇಲ್ಲವಾ?”